ಓದುಗರ ಸ್ಪಂದನ: 38ರಲ್ಲಿ ಪಿಎಚ್‌.ಡಿ. ಸೇರಬಹುದಾ?

ಕಳೆದ ವಾರದ ಪ್ರಶ್ನೆ: ವಯಸ್ಸು 38. ಸಮಾಜಶಾಸ್ತ್ರದಲ್ಲಿ ಎಂ.ಎ. ಆಗಿದೆ. 11 ವರ್ಷದಿಂದ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ಅವರಿಗೂ ಉಪಯೋಗಕ್ಕೆ ಬರುವಂಥ ಪಿಎಚ್‌.ಡಿ. ಮಾಡುವ ಆಸೆ. ಗೈಡ್ ಒಬ್ಬರು ‘ಇದು ಹೋರಾಟ, ಸಂಶೋಧನೆ ಅಲ್ಲ’ ಎಂದುಬಿಟ್ಟರು. ಮನೆಯಲ್ಲಿ ‘ಈ ವಯಸ್ಸಲ್ಲಿ ಯಾಕೆ’ ಅಂತಾರೆ.

ಒಂದು ಮಾತಿಗೆ ಕುಗ್ಗಬೇಡಿ ತಂಗಿ. ನೀವು ಮಾಡಬೇಕೆಂದಿರುವುದಕ್ಕೆ ನಮ್ಮಲ್ಲಿ ಹೆಸರೇ ಇದೆ, ಪಬ್ಲಿಕ್ ಸೋಶಿಯಾಲಜಿ, ಅಂದರೆ ಕಾಲೇಜಿನ ಗೋಡೆಯಾಚೆ ಜನರ ಜೊತೆ ಸೇರಿ ಮಾಡುವ ಸಮಾಜಶಾಸ್ತ್ರ. ಮೈಕೆಲ್ ಬುರವಾಯ್ 2004ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿ ಇದರ ಪರವಾಗಿಯೇ ಭಾಷಣ ಮಾಡಿದರು. 1970ರ ದಶಕದಲ್ಲಿ ಷಿಕಾಗೋದ ಎಂಜಿನ್ ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್ ಆಗಿ ದುಡಿದೇ ಡಾಕ್ಟರೇಟ್ ಪಡೆದವರು ಅವರು.

ಆದರೆ ನಿಮ್ಮ ಗೈಡ್ ಮಾತಿನಲ್ಲೂ ಸ್ವಲ್ಪ ಹುರುಳಿದೆ. ‘ಗಾರ್ಮೆಂಟ್ಸ್ ಮಹಿಳೆಯರ ಕಷ್ಟಗಳು’ ಅಂತ ಸುಮ್ನೆ ಬರೆದುಕೊಂಡು ಹೋದರೆ ಯಾರೂ ಒಪ್ಪುವುದಿಲ್ಲ. ಒಂದು ಪ್ರಶ್ನೆ ಬೇಕು. 2016ರ ಏಪ್ರಿಲ್ ನೆನಪಿದೆ ಅಲ್ವಾ? ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಕೇಂದ್ರ ಸರ್ಕಾರ ನಿಯಮ ವಾಪಸ್ ಪಡೆಯಿತು. ಒಂದು ಫ್ಯಾಕ್ಟರಿಯಿಂದ ಇನ್ನೊಂದಕ್ಕೆ ಸುದ್ದಿ ಹೇಗೆ ಹಬ್ಬಿತು? ಯಾರ ಮಾತು ನಂಬಿ ಮೆಷಿನ್ ಬಿಟ್ಟು ಎದ್ದರು? ಹೀಗೆ ಕೇಳಿ ನೋಡಿ. ಅರ್ಧ ಉತ್ತರ ನಿಮಗೆ ಗೊತ್ತೇ ಇರುತ್ತೆ.
– ನಿವೃತ್ತ ಅಧ್ಯಾಪಕಿ, ಮೈಸೂರು

ನಾನು ಕೆಲಸ ಮಾಡಿಕೊಂಡೇ ಪಾರ್ಟ್‌ಟೈಮ್ ಪಿಎಚ್‌.ಡಿ. ಮುಗಿಸಿದವಳು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದಲ್ಲಿ ಇದಕ್ಕೆ ಅವಕಾಶ ಉಂಟು, ಕೆಲಸದ ಕಡೆಯಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತನ್ನಿ. ಗಡುವು 6 ವರ್ಷ, ಹೆಣ್ಣುಮಕ್ಕಳಿಗೆ ಇನ್ನೂ 2 ವರ್ಷ ಜಾಸ್ತಿ. ಅಧ್ಯಾಪಕರಾಗಲು ಅರ್ಹತೆ ಕೊಡುವ ನೆಟ್ ಪರೀಕ್ಷೆ ಬರೆಯಲು ವಯಸ್ಸು ಅಡ್ಡಿಯಿಲ್ಲ. ಸಂಶೋಧನೆಗೆ ತಿಂಗಳು ತಿಂಗಳು ಹಣ ಸಿಗುವ ಜೆಆರ್‌ಎಫ್ ಮಾತ್ರ ಹೆಣ್ಣುಮಕ್ಕಳಿಗೆ 35ರವರೆಗೆ. ಹಾಗಾಗಿ ಕೈಯಲ್ಲಿರುವ ಸಂಬಳ ಬಿಡುವ ಮುಂಚೆ ಹತ್ತು ಸಲ ಯೋಚಿಸಿ.

ಇನ್ನೊಂದು. ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ತಾವು ಅಧ್ಯಯನ ಮಾಡಿದ ಹಳ್ಳಿ ರಾಮಪುರದ ಬಗ್ಗೆ ವಿಂಗಡಿಸಿಟ್ಟಿದ್ದ ಟಿಪ್ಪಣಿಯ ಮೂರು ಪ್ರತಿಯೂ 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಹೋದವು. ಮೂರೂ ಒಂದೇ ಕಡೆ ಇದ್ದವು. ನಿಮ್ಮ 11 ವರ್ಷದ ಡೈರಿಗಳನ್ನು ಇವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದು ಬೇರೆ ಕಡೆಯೂ ಇಡಿ.
– ಓದುಗಿ, ಉಡುಪಿ

ನನ್ನ ಹೆಂಡತಿ 41ಕ್ಕೆ ಸೇರಿದಾಗ ನಾನೂ ‘ಯಾಕೆ’ ಅಂದಿದ್ದೆ. ತಪ್ಪು ನನ್ನದೇ. ರಾತ್ರಿ ಪಾತ್ರೆ ತೊಳೆಯುವುದು ನನ್ನ ಪಾಲಿಗೆ ಬಂತು, ಅವಳಿಗೆ ಓದಲು ಒಂದೂವರೆ ಗಂಟೆ ಸಿಕ್ಕಿತು. ಮನೆಯವರ ಹತ್ತಿರ ಬರೀ ಒಪ್ಪಿಗೆ ಕೇಳಬೇಡಿ. ಯಾರು ಯಾವ ಕೆಲಸ ಮಾಡ್ತೀರಿ ಅಂತ ಕೇಳಿ.
– ಓದುಗ, ಹಾಸನ

ಅಕ್ಕಾ, ನಾನು 14 ವರ್ಷದಿಂದ ಟೈಲರ್. ಕಾಲರ್ ಹೊಲಿಯುವುದು ನನ್ನ ಕೆಲಸ. ಓದುವವರು ನಮ್ಮ ಹತ್ತಿರ ತುಂಬಾ ಸಲ ಬಂದಿದ್ದಾರೆ. ಊಟದ ಅರ್ಧ ಗಂಟೆಯಲ್ಲಿ ಡಬ್ಬಿ ಮುಚ್ಚಿಟ್ಟು ಅವರ ಫಾರಂಗೆ ಉತ್ತರ ಹೇಳಿದ್ದೇನೆ. ಸಂಬಳ ಎಷ್ಟು, ಬಾತ್‌ರೂಮಿಗೆ ಎಷ್ಟು ಸಲ ಬಿಡ್ತಾರೆ, ಗಂಡ ಕುಡೀತಾನಾ, ಎಲ್ಲಾ ಬರೆದುಕೊಂಡು ಹೋದರು. ಒಬ್ಬರೂ ತಿರುಗಿ ಬರಲಿಲ್ಲ. ಏನು ಬರೆದರು ಅಂತ ಇವತ್ತಿಗೂ ಗೊತ್ತಿಲ್ಲ.

ನೀವು ಖಂಡಿತ ಮಾಡಿ. ಒಂದೊಂದು ಅಧ್ಯಾಯ ಮುಗಿದಾಗಲೂ ಕನ್ನಡದಲ್ಲಿ ನಮಗೆ ಓದಿ ಹೇಳಿ. ತಪ್ಪಿದ್ದರೆ ತಿದ್ದುತ್ತೇವೆ. ಹೆಸರು ಮಾತ್ರ ಹಾಕಬೇಡಿ, ಸೂಪರ್‌ವೈಸರ್‌ಗೆ ಗೊತ್ತಾದರೆ ಕಷ್ಟ. ಭಾನುವಾರ ಬಟ್ಟೆ ಒಗೆದು ಮುಗಿಯುವಾಗ ಹನ್ನೆರಡಾಗುತ್ತೆ. ಆಮೇಲೆ ಬನ್ನಿ, ನಮ್ಮ ಲೈನಿನ ನಾಲ್ಕೈದು ಜನರನ್ನು ಕರೆದಿರ್ತೀನಿ.
– ಓದುಗಿ, ಬೊಮ್ಮನಹಳ್ಳಿ