ಹಣಕ್ಕೆ ಬಲ ಮಾರಬೇಕೇ, ವೇಷ ಮಾರಬೇಕೇ? ಅನುಭವ ಇದ್ದವರು ಹೇಳಿ

ಪ್ರಶ್ನೆ

ನಾವು ನಾಲ್ವರು ಸೇರಿ ಎರಡು ವರ್ಷಗಳಿಂದ ಒಂದು ಆನ್‌ಲೈನ್ ಆಟ ಕಟ್ಟುತ್ತಿದ್ದೇವೆ. ಐವರ ತಂಡವೊಂದು ಇನ್ನೈವರ ತಂಡದ ಎದುರು ಆಡುವ ಆಟ. ಆಡುವವರು ದುಡ್ಡು ಕೊಡಬೇಕಾಗಿಲ್ಲ, ಆದರೆ ಸರ್ವರ್ ಬಾಡಿಗೆಯನ್ನು ನಾವು ಕಟ್ಟಲೇಬೇಕು. ಉಳಿತಾಯವೆಲ್ಲ ಕರಗುತ್ತಾ ಬಂದಿದೆ. ಏನನ್ನು ಮಾರಬೇಕು ಎಂಬ ವಿಷಯದಲ್ಲಿ ನಮ್ಮೊಳಗೇ ಒಡಕು. ಬಲವಾದ ಆಯುಧಗಳನ್ನೂ ಬೇಗ ಲೆವೆಲ್ ಏರುವ ಸೌಲಭ್ಯವನ್ನೂ ಮಾರೋಣ, ಜನ ಗೆಲ್ಲುವುದಕ್ಕೇ ದುಡ್ಡು ಕೊಡುತ್ತಾರೆ ಎಂದು ಇಬ್ಬರ ವಾದ. ಉಡುಪು, ಬಣ್ಣ, ಗೆದ್ದಾಗಿನ ಕುಣಿತ ಇಷ್ಟನ್ನೇ ಮಾರೋಣ ಎಂದು ನನ್ನನ್ನೂ ಸೇರಿ ಇನ್ನಿಬ್ಬರು. ಇಂಥ ಕವಲಿನಲ್ಲಿ ನಿಂತವರು, ಅಥವಾ ಆಟಗಾರರಾಗಿ ಅದರ ಫಲ ಉಂಡವರು, ನಡೆದದ್ದನ್ನು ನಡೆದ ಹಾಗೆ ತಿಳಿಸಿದರೆ ದೊಡ್ಡ ಉಪಕಾರ.

ಆಟ ಕಟ್ಟಿ ಮುಚ್ಚಿದವರೊಬ್ಬರು

ಆರು ವರ್ಷಗಳ ಹಿಂದೆ ನಾವೂ ಇದೇ ಕವಲಿನಲ್ಲಿ ನಿಂತು ತಪ್ಪು ದಾರಿ ಹಿಡಿದೆವು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ.

ನಮ್ಮದು ಬಿಲ್ಲು, ಈಟಿ, ಗುರಾಣಿಗಳ ಆಟ. ಬಾಡಿಗೆಗೆ ಹಣ ಸಾಲದೆ ಬಂದಾಗ ಒಂದು ಗುರಾಣಿಯನ್ನು ಮಾರಾಟಕ್ಕೆ ಇಟ್ಟೆವು. ಎಲ್ಲರಿಗೂ ಸಿಗುವ ಗುರಾಣಿ ಮೂರು ಬಾಣಗಳಿಗೆ ಒಡೆಯುತ್ತಿತ್ತು, ಇದು ನಾಲ್ಕಕ್ಕೆ. ಒಂದು ಬಾಣದ ವ್ಯತ್ಯಾಸದಿಂದ ಏನು ಮಹಾ ಆದೀತು ಎಂದುಕೊಂಡೆವು. ಮೊದಲ ವಾರ ಬಂದ ಹಣ ನೋಡಿ ನಮಗೆಲ್ಲ ಹೋದ ಜೀವ ಬಂದ ಹಾಗಾಯಿತು.

ನಮ್ಮ ಆಟಗಾರರಲ್ಲಿ ಒಬ್ಬ ಬಿಲ್ಲುಗಾರನಿದ್ದ. ಬಿಡುಗಡೆಯಾದ ದಿನದಿಂದ ಪ್ರತಿ ರಾತ್ರಿ ಆಡುತ್ತಿದ್ದ, ದೋಷ ಕಂಡರೆ ವಿಡಿಯೊ ಸಮೇತ ನಮಗೆ ಬರೆಯುತ್ತಿದ್ದ. ಒಂದು ರೂಪಾಯಿಯನ್ನೂ ಖರ್ಚು ಮಾಡಿದವನಲ್ಲ, ಆದರೆ ಹೊಸಬರಿಗೆ ಕಲಿಸಿ ಉಳಿಸಿಕೊಳ್ಳುತ್ತಿದ್ದವನು ಅವನೇ. ಗುರಾಣಿ ಬಂದ ಮೂರನೆಯ ವಾರ ಅವನ ಪತ್ರ ಬಂತು. ಬಾಣ ಹೂಡಲು ಎಷ್ಟು ಹೊತ್ತು, ಎದುರಾಳಿ ಓಡಿ ಬಂದು ಈಟಿ ಚುಚ್ಚಲು ಎಷ್ಟು ಹೊತ್ತು ಎಂದು ಅಳೆದಿದ್ದ. ಮೂರು ಬಾಣಗಳಿಗೆ ಸಮಯ ಸಾಲುತ್ತಿತ್ತು, ನಾಲ್ಕನೆಯದಕ್ಕೆ ಸಾಲುತ್ತಿರಲಿಲ್ಲ. ಕೊನೆಯಲ್ಲಿ ಹೀಗೆ ಬರೆದಿದ್ದ: 'ಮೊದಲೆಲ್ಲ ಸೋತಾಗ ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದೆ. ಈಗ ಹುಡುಕುವುದನ್ನು ಬಿಟ್ಟಿದ್ದೇನೆ.' ಅದಾದ ಕೆಲವು ದಿನಗಳಿಗೆ ಅವನು ಬರುವುದನ್ನೇ ನಿಲ್ಲಿಸಿದ.

ಆ ಎರಡು ವಾಕ್ಯಗಳಲ್ಲಿ ನಮ್ಮ ಆಟದ ಜಾತಕವೇ ಇತ್ತು. ಸೋಲು ಏನನ್ನಾದರೂ ಕಲಿಸುವವರೆಗೆ ಜನ ಮತ್ತೆ ಆಡಲು ಬರುತ್ತಾರೆ. ಸೋಲಿಗೆ ಕಾರಣ ತನ್ನ ಕೈಯೋ ಎದುರಾಳಿಯ ಕೈಚೀಲವೋ ಎಂದು ತಿಳಿಯದಂತಾದರೆ ಅದರಿಂದ ಕಲಿಯಲು ಏನೂ ಉಳಿಯುವುದಿಲ್ಲ. ದುಡ್ಡು ಕೊಡದವರು ಒಬ್ಬೊಬ್ಬರಾಗಿ ಹೋದರು. ಹತ್ತು ಜನ ಕೂಡಿ ಪಂದ್ಯ ಶುರುವಾಗಲು ಹೆಚ್ಚು ಹೊತ್ತು ಕಾಯಬೇಕಾಯಿತು. ಗುರಾಣಿ ಕೊಂಡವರಿಗೆ ಗುರಾಣಿ ಕೊಂಡವರೇ ಎದುರಾಗತೊಡಗಿದರು, ಅಲ್ಲಿಗೆ ಅವರ ದುಡ್ಡಿಗೂ ಬೆಲೆ ಇಲ್ಲವಾಯಿತು. ಆಗ ನಾವು ಐದು ಬಾಣಗಳನ್ನು ತಡೆಯುವ ಗುರಾಣಿ ತಂದೆವು. ಹಳೆಯದನ್ನು ಕೊಂಡವರು ಸಿಟ್ಟಾದರು, ಅವರ ಸಿಟ್ಟು ನ್ಯಾಯವಾದದ್ದೇ. ಬಿತ್ತನೆ ಬೀಜವನ್ನೇ ಉಂಡು ಮುಗಿಸಿದೆವು ಎಂದು ನಮಗೆ ಅರಿವಾದಾಗ ಸರ್ವರ್‌ನಲ್ಲಿ ಒಂದು ಪಂದ್ಯಕ್ಕಾಗುವಷ್ಟು ಜನರೂ ಇರುತ್ತಿರಲಿಲ್ಲ.

ನಾವು ಸಣ್ಣವರು, ದೊಡ್ಡವರಿಗೆ ದಕ್ಕೀತು ಎನ್ನುತ್ತೀರಾದರೆ ದೊಡ್ಡವರ ಕಥೆಯನ್ನೂ ನೋಡಿ. 2017ರ ನವೆಂಬರ್‌ನಲ್ಲಿ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಬಿಡುಗಡೆಗೆ ಸಿದ್ಧವಾಗಿತ್ತು. ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಕಾದ ಆಟ. ಅದರ ಮೇಲೆ ಪಾತ್ರದ ಬಲ ಹೆಚ್ಚಿಸುವ ಸ್ಟಾರ್ ಕಾರ್ಡ್‌ಗಳು ಹಣಕ್ಕೆ ಸಿಗುವ ಲೂಟ್ ಬಾಕ್ಸ್‌ಗಳಲ್ಲಿ, ಅಂದರೆ ಒಳಗೇನಿದೆ ಎಂದು ತೆರೆದ ಮೇಲೆಯೇ ತಿಳಿಯುವ ಪೆಟ್ಟಿಗೆಗಳಲ್ಲಿ, ಇದ್ದವು. ಆಟಗಾರರು ಎಷ್ಟು ಕೆರಳಿದರೆಂದರೆ ಬಿಡುಗಡೆಯ ಹಿಂದಿನ ದಿನ ಆಟ ಹೊರತಂದ ಇಎ ಸಂಸ್ಥೆ ಹಣದ ಖರೀದಿಯನ್ನೇ ನಿಲ್ಲಿಸಬೇಕಾಯಿತು. 2018ರ ಮಾರ್ಚ್‌ನಲ್ಲಿ ಆ ಕಾರ್ಡ್‌ಗಳನ್ನು ಆಡಿಯೇ ಗಳಿಸುವಂತೆ ಬದಲಿಸಿದರು. ಆಮೇಲೆ ಹಣಕ್ಕೆ ಮಾರಿದ್ದು ವೇಷಗಳನ್ನು ಮಾತ್ರ. 'ಡಯಾಬ್ಲೊ 3' ಕೂಡ 2012ರಲ್ಲಿ ಆಟದೊಳಗಿನ ವಸ್ತುಗಳನ್ನು ನಿಜವಾದ ಹಣಕ್ಕೆ ಹರಾಜು ಹಾಕುವ ಕಟ್ಟೆ ತೆರೆದಿತ್ತು. ರಾಕ್ಷಸರನ್ನು ಕೊಂದು ಒಳ್ಳೆಯ ವಸ್ತು ಪಡೆಯುವುದೇ ಆ ಆಟದ ಜೀವಾಳ; ಅದನ್ನೇ ಹರಾಜು ಕೆಡಿಸುತ್ತಿದೆ ಎಂದು ನಿರ್ಮಾಪಕರೇ ಒಪ್ಪಿಕೊಂಡು 2014ರ ಮಾರ್ಚ್ 18ರಂದು ಅದನ್ನು ಮುಚ್ಚಿದರು.

ದುಡ್ಡು ಸುರಿದ ಆಟಗಾರರು

ನಾನು ಗುರಾಣಿ ಕೊಳ್ಳುವ ಕಡೆಯವನು. ಕೋಟೆ ಕಟ್ಟಿ ಯುದ್ಧ ಮಾಡುವ ಆಟವೊಂದರಲ್ಲಿ ಮೂರು ವರ್ಷ ಒಂದು ಕ್ಲ್ಯಾನ್, ಅಂದರೆ ಆಟಗಾರರ ಕೂಟ, ನಡೆಸಿದೆ. ಕೊಂಡಾಗ ಖುಷಿ ಇರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಪ್ರತಿ ಹೊಸ ಸೀಸನ್‌ಗೆ ಹಳೆಯ ಸೇನಾಪತಿ ನಿಷ್ಪ್ರಯೋಜಕನಾಗುತ್ತಿದ್ದ, ಹೊಸಬನನ್ನು ಕೊಳ್ಳಬೇಕಾಗುತ್ತಿತ್ತು. ಗೆಲ್ಲಲೆಂದು ಶುರುವಾದ ಖರ್ಚು, ಇದ್ದ ಸ್ಥಾನದಿಂದ ಜಾರದಿರಲು ಮಾಡುವ ಖರ್ಚಾಯಿತು. ಆಟದಿಂದ ಹೊರಬಂದ ದಿನ ನೆನಪಾದದ್ದು ಒಂದೇ ಯುದ್ಧ. ಅದನ್ನು ನಾವು ಯಾವ ಖರೀದಿಯೂ ಇಲ್ಲದೆ, ರಾತ್ರಿಯಿಡೀ ಸರದಿಯ ಮೇಲೆ ಕಾವಲು ಕೂತು ಗೆದ್ದಿದ್ದೆವು.

ನಿಮ್ಮ ಜೊತೆಗಾರರ ಮಾತು ಅರ್ಧ ನಿಜ. ಜನ ಗೆಲುವಿಗೆ ದುಡ್ಡು ಕೊಡುತ್ತಾರೆ. ಆದರೆ ಹಾಗೆ ಕೊಟ್ಟವರು ಆಮೇಲೆ ನಿಮ್ಮನ್ನು ಪ್ರೀತಿಸುವುದಿಲ್ಲ.

ಉಡುಪು ವಿನ್ಯಾಸ ಮಾಡುವವರು

ವೇಷ ಮಾರುವ ಪಕ್ಷಕ್ಕೆ ನಾನೂ ಸೇರಿದವಳು. ಆದರೆ ಅದು ಸುಲಭದ ದಾರಿ ಎಂದುಕೊಂಡು ಬರಬೇಡಿ.

ಮೊದಲನೆಯದಾಗಿ, ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂಬ ಅನುಮಾನಕ್ಕೆ ಉತ್ತರ. 'ಡೋಟಾ 2'ರಲ್ಲಿ ಎಲ್ಲ ಹೀರೊಗಳೂ, ಅಂದರೆ ಆಡುವ ಪಾತ್ರಗಳೂ, ಎಲ್ಲರಿಗೂ ಉಚಿತ, ಹಣಕ್ಕೆ ಸಿಗುವ ವಸ್ತುಗಳು ಪಂದ್ಯದ ಬಲವನ್ನು ಮುಟ್ಟುವುದಿಲ್ಲ. 2013ರಲ್ಲಿ ಅದರ ನಿರ್ಮಾಪಕರಾದ ವಾಲ್ವ್ ಸಂಸ್ಥೆ ತನ್ನ ವಾರ್ಷಿಕ ಪಂದ್ಯಾವಳಿಗೆ ಕಂಪೆಂಡಿಯಂ ಎಂಬ ಒಂದು ಡಿಜಿಟಲ್ ಪುಸ್ತಿಕೆ ಮಾರಿ, ಬಂದ ಹಣದ ಕಾಲು ಭಾಗವನ್ನು ಬಹುಮಾನಕ್ಕೆ ಸೇರಿಸಿತು. 16 ಲಕ್ಷ ಡಾಲರ್ ಇದ್ದ ಬಹುಮಾನ 28 ಲಕ್ಷ ದಾಟಿತು. 2021ರ ಪಂದ್ಯಾವಳಿಯ ಹೊತ್ತಿಗೆ ಅದು 4 ಕೋಟಿ ಡಾಲರ್ ಮೀರಿತ್ತು. ಇದು ದೊಡ್ಡ ಜನಸಂಖ್ಯೆಯ ಆಟದ ಲೆಕ್ಕ, ನಿಮ್ಮ ಅಂದಾಜಿಗೆ ಇದನ್ನು ಹಿಡಿಯಬೇಡಿ. ಬಲ ಮಾರದೆಯೂ ಆಟ ಬದುಕುತ್ತದೆ ಎಂಬುದಕ್ಕಷ್ಟೇ ಸಾಕ್ಷಿ.

ಈಗ ಕಷ್ಟದ ಮಾತು. ಒಂದು ಮೇಲಂಗಿ ಮಾಡಲು ನನಗೆ ಎಷ್ಟು ದಿನ ಹಿಡಿಯುತ್ತದೆ ಎಂದು ಹೊಸ ತಂಡದವರು ಕೇಳುತ್ತಾರೆ. ಬರೆಯಲು ಎರಡು ದಿನ ಸಾಕು. ಆಮೇಲೆ ಪಾತ್ರ ಕೂತಾಗ ಬಟ್ಟೆ ತೊಡೆಯೊಳಗೆ ಹೊಕ್ಕು ಆಚೆ ಬರುತ್ತದೆ, ಬಿಲ್ಲಿನ ಹೆದೆ ಎಳೆದರೆ ಭುಜದ ಮಡಿಕೆ ಕತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ, ಓಡುವಾಗ ಅಂಚು ನೆಲದೊಳಗೆ ಇಳಿಯುತ್ತದೆ. ಪ್ರತಿ ಚಲನೆಗೂ ಇದನ್ನು ತಿದ್ದಬೇಕು, ಮೈಕಟ್ಟು ಬೇರೆಯಾದ ಪ್ರತಿ ಪಾತ್ರಕ್ಕೂ ಮತ್ತೆ ತಿದ್ದಬೇಕು. ಗುರಾಣಿಯ ಬಲ ಹೆಚ್ಚಿಸಲು ಒಂದು ಅಂಕಿ ಬದಲಿಸಿದರೆ ಸಾಕು. ದುಡ್ಡಿನ ಅಭಾವ ಬಂದಾಗಲೆಲ್ಲ ತಂಡದ ಕೈ ಆ ಅಂಕಿಯ ಕಡೆ ಹೋಗುವುದು ಇದೇ ಕಾರಣಕ್ಕೆ.

ಇನ್ನೊಂದು ಅಪಾಯ ಕೇಳಿ. ವೇಷವೇ ಬಲವಾಗಿಬಿಡುವುದುಂಟು. 'ಕಾಲ್ ಆಫ್ ಡ್ಯೂಟಿ: ವಾರ್‌ಝೋನ್'ನಲ್ಲಿ ರೋಝ್ ಎಂಬ ಪಾತ್ರದ ಒಂದು ಉಡುಪು ಅಡಿಯಿಂದ ಮುಡಿಯವರೆಗೆ ಕಪ್ಪು. ಕತ್ತಲ ಮೂಲೆಯಲ್ಲಿ ನಿಂತವರು ಕಾಣುತ್ತಲೇ ಇರಲಿಲ್ಲ. ಹಣ ಕೊಟ್ಟು ಅದೃಶ್ಯರಾಗುತ್ತಿದ್ದಾರೆ ಎಂಬ ದೂರುಗಳು ಬಂದ ಮೇಲೆ 2021ರಲ್ಲಿ ಅದನ್ನು ತಿದ್ದಿದರು. ಆದ್ದರಿಂದ ನಾನು ಪ್ರತಿ ಉಡುಪನ್ನೂ ಅತ್ಯಂತ ಕತ್ತಲ ಜಾಗದಲ್ಲಿ, ಅತ್ಯಂತ ಕಡಿಮೆ ಗ್ರಾಫಿಕ್ಸ್‌ನಲ್ಲಿ, ಮಂದ ಪರದೆಯ ಮೇಲೆ ನಿಲ್ಲಿಸಿ ನೋಡುತ್ತೇನೆ. ದೂರದಿಂದ ನೋಡಿದ ತಕ್ಷಣ ಇದು ಯಾವ ಪಾತ್ರ ಎಂದು ಹೇಳಲಾಗದಿದ್ದರೆ ಆ ಉಡುಪು ಎಷ್ಟೇ ಚೆಂದವಿದ್ದರೂ ಮಾರಾಟಕ್ಕೆ ಹೋಗುವುದಿಲ್ಲ.

ವೇಷವಷ್ಟೇ ಎಂದು ಬೆಲೆಯ ವಿಷಯದಲ್ಲಿಯೂ ಮೈಮರೆಯಬೇಡಿ. 2011ರಲ್ಲಿ 'ಈವ್ ಆನ್‌ಲೈನ್' ಆಟದಲ್ಲಿ ಒಂದು ಒಂಟಿಗಾಜಿನ ಕನ್ನಡಕಕ್ಕೆ 60 ಡಾಲರ್‌ಗೂ ಹೆಚ್ಚು ಬೆಲೆ ಇಟ್ಟರು. ಅದೇ ಹೊತ್ತಿಗೆ, ಬಲ ಕೊಡುವ ವಸ್ತುಗಳನ್ನೂ ಮುಂದೆ ಮಾರುವ ಬಗ್ಗೆ ಚರ್ಚೆ ಇದ್ದ ಸಂಸ್ಥೆಯ ಒಳಪತ್ರಿಕೆಯೊಂದು ಸೋರಿಹೋಯಿತು. ಆಟಗಾರರು ಆಟದೊಳಗಿನ ಜೀಟಾ ಎಂಬ ವ್ಯಾಪಾರ ಕೇಂದ್ರದಲ್ಲಿ ಗುಂಪುಗೂಡಿ ಅಲ್ಲಿನ ಸ್ಮಾರಕದ ಮೇಲೆ ದಿನಗಟ್ಟಲೆ ಗುಂಡು ಹಾರಿಸಿದರು. ಕನ್ನಡಕದ ಬೆಲೆಗಿಂತ ಹೆಚ್ಚಾಗಿ ಮುಂದೆ ಏನು ಬರಲಿದೆ ಎಂಬ ಭಯ ಅವರನ್ನು ಕೆರಳಿಸಿತು ಎಂದು ನನಗೆ ಅನ್ನಿಸುತ್ತದೆ. ನೀವು ಯಾವುದನ್ನು ಎಂದಿಗೂ ಮಾರುವುದಿಲ್ಲ ಎಂಬುದನ್ನು ಮೊದಲ ದಿನವೇ ಎಲ್ಲರಿಗೂ ಕಾಣುವಂತೆ ಬರೆದು ಹಾಕಿ.

ಹನ್ನೊಂದು ವರ್ಷದ ಹುಡುಗನ ತಂದೆ

ವೇಷ ಮಾರಿದರೆ ಪಾಪವಿಲ್ಲ ಎಂಬ ಧಾಟಿ ಇಲ್ಲಿ ಕಾಣುತ್ತಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ. ನನ್ನ ಮಗ ಆಡುವ ಆಟದಲ್ಲಿ ಉಡುಪಿನಿಂದ ಒಂದು ಚೂರೂ ಬಲ ಬರುವುದಿಲ್ಲ. ಆದರೂ ಉಚಿತವಾಗಿ ಸಿಗುವ ಉಡುಪಿನಲ್ಲಿ ಬಂದವನನ್ನು ಅವನ ಸ್ನೇಹಿತರು ಗುಂಪಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಅವನು ಅತ್ತದ್ದು ಸೋತದ್ದಕ್ಕಲ್ಲ.

ಕಾನೂನು ಕೂಡ ಬಲ, ವೇಷ ಎಂದು ಭೇದ ಮಾಡಿ ಬಿಟ್ಟುಬಿಡುವುದಿಲ್ಲ. 2018ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಜೂಜು ಆಯೋಗ ಲೂಟ್ ಬಾಕ್ಸ್‌ಗಳು ಜೂಜಿನ ಕಾನೂನನ್ನು ಮುರಿಯುತ್ತವೆ ಎಂದಾಗ ಹೆಸರಿಸಿದ ಆಟಗಳಲ್ಲಿ 'ಓವರ್‌ವಾಚ್' ಕೂಡ ಇತ್ತು. ಅದರ ಪೆಟ್ಟಿಗೆಗಳಲ್ಲಿ ಇದ್ದದ್ದು ವೇಷಭೂಷಣವೇ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 'ಫೋರ್ಟ್‌ನೈಟ್' ನಿರ್ಮಾಪಕರಾದ ಎಪಿಕ್ ಸಂಸ್ಥೆಯಿಂದ ಗ್ರಾಹಕರಿಗೆ 24.5 ಕೋಟಿ ಡಾಲರ್ ಮರುಪಾವತಿ ಮಾಡಿಸುವ ಒಪ್ಪಂದ ಪ್ರಕಟಿಸಿತು. ಗೊಂದಲ ಹುಟ್ಟಿಸುವ ಗುಂಡಿಗಳಿಂದಾಗಿ ಒಂದೇ ಒತ್ತಿಗೆ ಬೇಡದ ಖರೀದಿ ಆಗಿಬಿಡುತ್ತಿತ್ತು, ಮಕ್ಕಳು ಪೋಷಕರ ಒಪ್ಪಿಗೆಯಿಲ್ಲದೆ ಕೊಳ್ಳಬಹುದಿತ್ತು ಎಂಬುದು ದೂರು.

ದಯವಿಟ್ಟು ಪೆಟ್ಟಿಗೆ ಮಾರಬೇಡಿ. ಏನು ಸಿಗುತ್ತದೆ ಎಂದು ತೋರಿಸಿ, ಬೆಲೆ ಹೇಳಿ, ಕೊಳ್ಳುವ ಮುನ್ನ ಒಮ್ಮೆ ಕೇಳಿ, ತಪ್ಪಾಗಿ ಕೊಂಡರೆ ಹಿಂದಿರುಗಿಸಲು ಬಿಡಿ. ಉಚಿತ ಉಡುಪನ್ನೂ ಚೆಂದವಾಗಿ ಮಾಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಬಿಲ್ಲುಗಾರನ ಪತ್ರವನ್ನು ತಂಡದಲ್ಲಿ ಗಟ್ಟಿಯಾಗಿ ಓದಿದೆ, ಆಯುಧ ಮಾರುವ ಮಾತು ಅಲ್ಲಿಗೇ ನಿಂತಿತು. ಆದರೆ ಒಬ್ಬ ಗೆಳೆಯ ಇನ್ನೂ ಕೇಳುತ್ತಿದ್ದಾನೆ: ಆಯುಧ ಬೇಡ, ಹೊಸ ಪಾತ್ರಗಳು ಅಥವಾ ಬೇಗ ಲೆವೆಲ್ ಏರುವ ಸೌಲಭ್ಯ? ಅದು ನಡುದಾರಿಯಲ್ಲವೇ?

ಆಟ ಕಟ್ಟಿ ಮುಚ್ಚಿದವರು

ಪಾತ್ರಗಳ ಬಗ್ಗೆ: 'ಲೀಗ್ ಆಫ್ ಲೆಜೆಂಡ್ಸ್' 2009ರಿಂದಲೂ ಪಾತ್ರಗಳನ್ನು ಮಾರುತ್ತಿದೆ, ಆದರೆ ಆಡಿ ಗಳಿಸಿದ ನಾಣ್ಯದಿಂದಲೂ ಅವನ್ನು ಪಡೆಯಬಹುದು. ಆ ಪದ್ಧತಿ ಬೇರೂರಿದ್ದು ಬೇರೆ ಕಾಲದಲ್ಲಿ. 'ಓವರ್‌ವಾಚ್ 2' ಹೊಸ ಹೀರೊಗಳನ್ನು ಬ್ಯಾಟಲ್ ಪಾಸ್‌ನೊಳಗೆ, ಅಂದರೆ ಆಡುತ್ತಾ ಹೋದಂತೆ ಹಂತಹಂತವಾಗಿ ತೆರೆಯುವ ಬಹುಮಾನಗಳ ಸಾಲಿನೊಳಗೆ, ಇಟ್ಟಿತು, ಉಚಿತವಾಗಿ ಪಡೆಯಲು ತುಂಬಾ ಆಡಬೇಕಿತ್ತು. 2024ರ ಏಪ್ರಿಲ್‌ನಲ್ಲಿ ಅದನ್ನು ಕೈಬಿಟ್ಟು ಎಲ್ಲರಿಗೂ ತೆರೆದರು. ಎದುರಾಳಿಯ ಪಾತ್ರಕ್ಕೆ ತಕ್ಕ ಪಾತ್ರ ಆರಿಸುವುದೇ ನಿಮ್ಮ ಆಟದ ಜಾಣ್ಮೆಯಾಗಿದ್ದರೆ ಪಾತ್ರ ಮಾರುವುದೂ ಬಲ ಮಾರಿದಂತೆಯೇ.

ಲೆವೆಲ್ ಬಗ್ಗೆ ನನಗೆ ಹೆಚ್ಚು ಭಯ. ದಾರಿ ಸವೆಸುವ ಕಷ್ಟ ತಪ್ಪಿಸುವ ಟಿಕೆಟ್ ಮಾರತೊಡಗಿದ ದಿನದಿಂದ ದಾರಿ ಎಷ್ಟು ಬೇಸರವಾಗಿದ್ದರೆ ಅಷ್ಟು ನಿಮಗೆ ಲಾಭ. ಬೇಕೆಂದೇ ಮಾಡುವುದಿಲ್ಲ, ಆದರೆ ಮೂರನೆಯ ಅಪ್‌ಡೇಟ್‌ನಲ್ಲಿ ಯಾರೋ ಒಬ್ಬರು 'ಇಲ್ಲಿ ಸ್ವಲ್ಪ ನಿಧಾನ ಮಾಡೋಣ' ಎನ್ನುತ್ತಾರೆ. ನಮ್ಮಲ್ಲಿ ಹಾಗೆಂದವನು ನಾನೇ.

ನಡುದಾರಿ ಬೇಕಿದ್ದರೆ 'ಪಾತ್ ಆಫ್ ಎಕ್ಸೈಲ್' ನೋಡಿ. ವೇಷಗಳ ಜೊತೆಗೆ ವಸ್ತುಗಳನ್ನು ಇಟ್ಟುಕೊಳ್ಳುವ ಹೆಚ್ಚುವರಿ ಜಾಗವನ್ನೂ ಮಾರುತ್ತಾರೆ. ಅದೂ ಅನುಕೂಲವೇ ಎಂದು ತಕರಾರು ಮಾಡುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಆದರೆ ಅವರ ಸಪೋರ್ಟರ್ ಪ್ಯಾಕ್ ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು: ಆಟ ಉಳಿಯಲಿ ಎಂದು ಬಯಸುವವರು ದುಡ್ಡು ಕೊಡುತ್ತಾರೆ, ಬದಲಿಗೆ ಅವರಿಗೊಂದು ವೇಷ. ಲೆಕ್ಕ ಹಾಕುವಾಗ ಆಪ್ ಸ್ಟೋರ್‌ನ ಪಾಲನ್ನು ಮರೆಯಬೇಡಿ. 2021ರಲ್ಲಿ ಆಪಲ್, ಗೂಗಲ್ ಎರಡೂ ಸಣ್ಣ ನಿರ್ಮಾಪಕರಿಗೆ ಶೇಕಡಾ 30ರ ಬದಲು 15 ಹಿಡಿಯುವ ಯೋಜನೆ ತಂದವು, ಅದಕ್ಕೆ ಮೊದಲೇ ಹೆಸರು ನೋಂದಾಯಿಸಿಕೊಳ್ಳಿ.

ಉಡುಪು ವಿನ್ಯಾಸ ಮಾಡುವವರು

ಒಂದು ವಿಷಯ ಕೇಳಲು ಮರೆತಿದ್ದೆ. ನಿಮ್ಮ ಆಟ ಯಾವ ಕೋನದಿಂದ ಕಾಣುತ್ತದೆ? ಪಾತ್ರದ ಕಣ್ಣಿನಿಂದಲೋ, ಮೇಲಿನಿಂದಲೋ?

ಪ್ರಶ್ನೆ ಕೇಳಿದವರು

ಮೇಲಿನಿಂದ, ಸ್ವಲ್ಪ ಓರೆಯಾಗಿ. ನಾವು ಮೊದಲು ಬೂಟುಗಳಿಂದ ಶುರುಮಾಡಿದ್ದೇವೆ.

ಉಡುಪು ವಿನ್ಯಾಸ ಮಾಡುವವರು

ಬೂಟು ಬದಿಗಿಡಿ. ಆ ಕೋನದಲ್ಲಿ ಕಾಣುವುದು ತಲೆ, ಭುಜ, ಕೈಯಲ್ಲಿರುವ ಆಯುಧ. ತಿಳಿಬಣ್ಣ ಮೇಲೆ ಇರಲಿ, ಕಾಲಿನ ಕಡೆ ಬಣ್ಣ ಗಾಢವಾಗುತ್ತಾ ಹೋಗಲಿ. ಒಂದು ಒಳ್ಳೆಯ ಶಿರಸ್ತ್ರಾಣ, ಒಂದು ಭುಜಕವಚ, ಗೆದ್ದಾಗ ಹತ್ತೂ ಜನರಿಗೆ ಕಾಣುವ ಒಂದು ಕುಣಿತ, ಈ ಮೂರರಿಂದ ಆರಂಭಿಸಿ. ಶಿರಸ್ತ್ರಾಣದ ಚಿತ್ರ ಬರೆದಾದ ಮೇಲೆ ಕಳುಹಿಸಿ, ಕತ್ತಲ ಮೂಲೆಯಲ್ಲಿ ನಿಲ್ಲಿಸಿ ನೋಡಿ ಹೇಳುತ್ತೇನೆ.