ಮೆಕ್ಯಾನಿಕಲ್ ಓದಿ ಐಟಿಯಲ್ಲಿ ಇದ್ದೇನೆ, ದೊಡ್ಡ ಐಐಎಂ ಸಿಗಬಹುದಾ? ಹೋಗಿ ಬಂದವರು ಹೇಳಿ

ಕೇಳಿದವರು – ಬದಿಯಡ್ಕ ಕಡೆ (ಕೇರಳದ ಕಾಸರಗೋಡು ಜಿಲ್ಲೆ)

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯಕ್ಕೆ ಎ, ಉಳಿದದ್ದೆಲ್ಲ ಎ ಪ್ಲಸ್. ಪ್ಲಸ್ ಟೂನಲ್ಲಿ ಶೇ. 89. ಆಮೇಲೆ ವಿಟಿಯು ಕಾಲೇಜಿನಲ್ಲಿ ಮೆಕ್ಯಾನಿಕಲ್, ಸಿಜಿಪಿಎ 7.6. ಈಗ ಬೆಂಗಳೂರಿನ ಒಂದು ಐಟಿ ಕಂಪನಿಯಲ್ಲಿ ಮೂರನೇ ವರ್ಷ, ಬ್ಯಾಂಕಿನ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಐಐಎಂ ಎಂಬಿಎಗೆ ಬರೆಯುವ ಪ್ರವೇಶ ಪರೀಕ್ಷೆ ಕ್ಯಾಟ್‌ನ ಮಾಕ್‌ಗಳಲ್ಲಿ (ಅಭ್ಯಾಸ ಪರೀಕ್ಷೆ) 95-96 ಪರ್ಸೆಂಟೈಲ್ ಬರುತ್ತಿದೆ. ಅಹಮದಾಬಾದ್, ಬೆಂಗಳೂರು, ಕಲ್ಕತ್ತಾ, ಈ ಮೂರರಲ್ಲಿ ಯಾವುದಾದರೂ ಸಿಗುವ ಚಾನ್ಸ್ ಎಷ್ಟು? ಇಲ್ಲ ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ನೋಡುವುದು ವಾಸಿಯಾ? ಕೆಲಸ ಬಿಟ್ಟು ಓದಬೇಕಾ? ಒಬಿಸಿ ಸರ್ಟಿಫಿಕೇಟಿನ ವಿಷಯದಲ್ಲೂ ಗೊಂದಲ ಇದೆ. ಅಪ್ಪನಿಗೆ ಅಡಿಕೆ ತೋಟ, ಹಾಗಾಗಿ ಸಾಲದ ಲೆಕ್ಕವೂ ತಲೆಯಲ್ಲಿದೆ.

ಮಂಜೇಶ್ವರ (ಈಗ ಮುಂಬೈ, ಐಐಎಂ ಒಂದರಲ್ಲಿ ಓದಿದವರು)

ನೇರವಾಗಿ ಹೇಳ್ತೇನೆ, ಬೇಜಾರು ಮಾಡಬೇಡಿ. ಜನರಲ್ ಲೆಕ್ಕದಲ್ಲಿ ಹೋದರೆ 96ಕ್ಕೆ ಆ ಮೂರು ಸಿಗುವುದಿಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡಿ. 2024ರಲ್ಲಿ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ ಜನ. 96 ಪರ್ಸೆಂಟೈಲ್ ಅಂದರೆ ನಿಮಗಿಂತ ಮುಂದೆ ಹನ್ನೊಂದು ಸಾವಿರಕ್ಕಿಂತ ಜಾಸ್ತಿ ಜನ ಇದ್ದಾರೆ. 99 ಆದರೆ ಮೂರು ಸಾವಿರದ ಒಳಗೆ. ಮೂರೂ ಕಡೆಯ ಎರಡು ವರ್ಷದ ಮುಖ್ಯ ಕೋರ್ಸಿನ ಸೀಟು ಒಟ್ಟು ಸೇರಿಸಿದರೆ ಒಂದೂವರೆ ಸಾವಿರದ ಆಸುಪಾಸು. ಅದರಲ್ಲಿ ಎಸ್‌ಸಿ 15, ಎಸ್‌ಟಿ 7.5, ಒಬಿಸಿ 27, ಇಡಬ್ಲ್ಯೂಎಸ್ (ಬೇರೆ ಮೀಸಲಾತಿ ಇಲ್ಲದ ಕಡಿಮೆ ಆದಾಯದವರು) 10 ಶೇಕಡಾ ಮೀಸಲು ಹೋದರೆ ಎಲ್ಲರಿಗೂ ತೆರೆದ ಸೀಟು ಆರುನೂರರ ಹತ್ತಿರ. ಆ ಆರುನೂರಕ್ಕೆ ನಿಲ್ಲುವವರಲ್ಲಿ ಬಹಳಷ್ಟು ಜನ ನಮ್ಮ ಹಾಗೆ ಇಂಜಿನಿಯರಿಂಗ್ ಮುಗಿಸಿದ ಗಂಡುಮಕ್ಕಳೇ.

ಆದರೆ 96ರಿಂದ 99ಕ್ಕೆ ಹೋಗುವುದು ಅಂದುಕೊಂಡಷ್ಟು ದೂರ ಇಲ್ಲ. ಪರೀಕ್ಷೆ ಎರಡು ಗಂಟೆ, ಮೂರು ಭಾಗ, ಒಂದೊಂದಕ್ಕೂ 40 ನಿಮಿಷ. ಸರಿ ಉತ್ತರಕ್ಕೆ ಮೂರು ಅಂಕ, ಆಯ್ಕೆಯ ಪ್ರಶ್ನೆ ತಪ್ಪಿದರೆ ಒಂದು ಕಡಿತ. ಒಟ್ಟು ಅಂಕದಲ್ಲಿ ಅರ್ಧದಷ್ಟು ಬಂದರೂ 99 ಮುಟ್ಟಿದ ವರ್ಷಗಳಿವೆ. ಅಂಕಿಅಂಶ, ತರ್ಕದ ಭಾಗವಾದ ಡಿಐಎಲ್‌ಆರ್‌ನಲ್ಲಿ ಒಂದು ಸೆಟ್ (ಒಂದೇ ಮಾಹಿತಿಯ ಮೇಲಿನ ಪ್ರಶ್ನೆಗಳ ಗುಂಪು) ಜಾಸ್ತಿ ಬಿಡಿಸಿದರೆ ಸಾಕು, ಪರ್ಸೆಂಟೈಲ್ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಯಾವ ಸೆಟ್ ಮುಟ್ಟಬಾರದು ಅಂತ ಮೊದಲ ಐದು ನಿಮಿಷದಲ್ಲೇ ತೀರ್ಮಾನ ಮಾಡುವುದನ್ನು ಅಭ್ಯಾಸ ಮಾಡಿ.

ಇನ್ನೊಂದು ವಿಷಯ, ಇದನ್ನು ಕೋಚಿಂಗ್‌ನವರು ಮೊದಲೇ ಹೇಳುವುದಿಲ್ಲ. ಪರ್ಸೆಂಟೈಲ್ ಒಂದರಿಂದಲೇ ಸಂದರ್ಶನಕ್ಕೆ ಕರೆ ಬರುವುದಿಲ್ಲ. ಹತ್ತು, ಹನ್ನೆರಡು, ಡಿಗ್ರಿ, ಕೆಲಸದ ಅನುಭವ, ಎಲ್ಲಕ್ಕೂ ತೂಕ ಇದೆ, ಮತ್ತು ಆ ತೂಕ ಒಂದೊಂದು ಸಂಸ್ಥೆಗೆ ಒಂದೊಂದು ರೀತಿ. ಪ್ರತಿ ವರ್ಷ ಅವರೇ ತಮ್ಮ ಪ್ರವೇಶ ನಿಯಮ ಪ್ರಕಟ ಮಾಡುತ್ತಾರೆ. ಅದನ್ನು ತೆಗೆದು ನಿಮ್ಮ ಅಂಕ ಹಾಕಿ ನೀವೇ ಕೂಡಿಸಿ. ನಿಮ್ಮ ಪ್ಲಸ್ ಟೂ ಚೆನ್ನಾಗಿದೆ, ಮೂರು ವರ್ಷದ ಅನುಭವ ಬೆಂಗಳೂರಿನ ಲೆಕ್ಕಕ್ಕೆ ಒಳ್ಳೆಯದು. ಪೆಟ್ಟು ಬೀಳುವುದು ಡಿಗ್ರಿಯಲ್ಲಿ. 7.6 ಅಂದರೆ ಶೇ. 76 ಅಂತ ಕಣ್ಣು ಮುಚ್ಚಿ ಬರೆಯಬೇಡಿ. ವಿಟಿಯು ಹಳೆಯ ಸ್ಕೀಮ್‌ಗಳಲ್ಲಿ 0.75 ಕಳೆದು ಹತ್ತರಿಂದ ಗುಣಿಸುವ ಸೂತ್ರ ಇತ್ತು, ಆ ಲೆಕ್ಕದಲ್ಲಿ ನಿಮ್ಮದು 68.5 ಮಾತ್ರ ಆಗುತ್ತದೆ. ನಿಮ್ಮ ಸ್ಕೀಮ್‌ಗೆ ಯಾವುದು ಅಂತ ನೋಡಿ ಅದನ್ನೇ ಹಾಕಿ. ಸಂದರ್ಶನದಲ್ಲಿ ಕಾಗದ ತೋರಿಸಬೇಕಾಗುತ್ತದೆ.

ನನ್ನ ಅಂದಾಜು ಕೇಳಿದರೆ, 98.5 ದಾಟಿದರೆ ಕೋಯಿಕ್ಕೋಡ್, ಲಕ್ನೋ, ಇಂದೋರ್ ಕಡೆ ನೋಡಬಹುದು. 99.5ರ ಮೇಲೆ ಹೋದರೆ ಬೆಂಗಳೂರಿನ ಆಸೆ ಇಟ್ಟುಕೊಳ್ಳಿ. 96ರಲ್ಲೇ ನಿಂತರೂ ತಿರುಚಿ, ಉದಯಪುರ, ರಾಂಚಿ ಇವೆ. ಹೊಸ ಐಐಎಂಗಳಲ್ಲಿ ಕೆಲವು ಸೇರಿ ಒಂದೇ ಸಂದರ್ಶನ ಮಾಡುತ್ತವೆ.

ಕುಂಬಳೆ (ಅಕ್ಕ, ಈಗ ಹೈದರಾಬಾದ್)

ಮೇಲಿನವರು ಹೇಳಿದ ಲೆಕ್ಕ ಸರಿ. ನನಗೆ ಕರೆ ಬಂದದ್ದು ನಿಮಗೆ ಬೇಕಾದ್ದಕ್ಕಿಂತ ಕಡಿಮೆ ಪರ್ಸೆಂಟೈಲ್‌ಗೆ. ತುಂಬಾ ಐಐಎಂಗಳಲ್ಲಿ ಹೆಣ್ಣುಮಕ್ಕಳಿಗೆ ಪಟ್ಟಿ ಮಾಡುವಾಗ ಸ್ವಲ್ಪ ಅಂಕ ಸೇರಿಸುತ್ತಾರೆ. ಹಾಗಾಗಿ ನನ್ನದನ್ನು ನೋಡಿ ನಿಮ್ಮದನ್ನು ಅಳೆಯಬೇಡಿ ತಮ್ಮ. ಇದನ್ನು ಓದುತ್ತಿರುವ ನಮ್ಮ ಊರಿನ ಹುಡುಗಿಯರು ಮಾತ್ರ ಖಂಡಿತ ನೋಡಿ, 'ನಮಗೆಲ್ಲಿ ಸಿಗುತ್ತದೆ' ಅಂತ ಅರ್ಜಿಯನ್ನೇ ಹಾಕದವರು ನನಗೆ ಎಷ್ಟೋ ಜನ ಗೊತ್ತು.

ನಾನು ಹೇಳಬೇಕಾದ್ದು ಕಾಗದಪತ್ರದ ವಿಷಯ. ಗಡಿಯವರಿಗೆ ಇಲ್ಲೇ ತೊಂದರೆ. ಕೇಂದ್ರದ ಒಬಿಸಿ ಪಟ್ಟಿ ರಾಜ್ಯವಾರು ಇದೆ. ಕಾಸರಗೋಡಿನವರಿಗೆ ಲೆಕ್ಕಕ್ಕೆ ಬರುವುದು ಕೇರಳದ ಹೆಸರಿನಲ್ಲಿರುವ ಕೇಂದ್ರ ಪಟ್ಟಿ. ಮಂಗಳೂರಿನ ನೆಂಟರಿಗೆ ಸರ್ಟಿಫಿಕೇಟ್ ಸಿಕ್ಕಿತು ಅಂದ ಮಾತ್ರಕ್ಕೆ ನಿಮಗೂ ಸಿಗುತ್ತದೆ ಅಂತ ಇಲ್ಲ. ಕೇರಳ ರಾಜ್ಯದ ಪಟ್ಟಿಯಲ್ಲಿ ಇದ್ದು ಕೇಂದ್ರದ್ದರಲ್ಲಿ ಇಲ್ಲದಿದ್ದರೂ ಐಐಎಂಗೆ ಆಗುವುದಿಲ್ಲ. ಜಾತಿಯ ಹೆಸರು ಪಟ್ಟಿಯಲ್ಲಿ ಹೇಗೆ ಬರೆದಿದೆ, ನಿಮ್ಮ ಶಾಲೆಯ ದಾಖಲೆಯಲ್ಲಿ ಹೇಗಿದೆ, ಅಕ್ಷರ ಅಕ್ಷರ ತಾಳೆ ನೋಡಿ. ನಮ್ಮ ಕಡೆ ಅಪ್ಪನ ದಾಖಲೆಯಲ್ಲಿ ಒಂದು ಹೆಸರು, ಮಗನದ್ದರಲ್ಲಿ ಇನ್ನೊಂದು ಹೆಸರು ಇರುವುದು ಮಾಮೂಲು. ಅಕ್ಷಯ ಕೇಂದ್ರದಲ್ಲಿ (ಕೇರಳದಲ್ಲಿ ಸರ್ಕಾರಿ ಅರ್ಜಿ ಹಾಕುವ ಸೇವಾ ಕೇಂದ್ರ) ಅರ್ಜಿ ಹಾಕುವಾಗಲೇ 'ಕೇಂದ್ರ ಸರ್ಕಾರದ ನಮೂನೆಯ ನಾನ್ ಕ್ರೀಮಿ ಲೇಯರ್' (ಒಬಿಸಿಯಲ್ಲಿ ಕೆನೆಪದರಕ್ಕೆ ಸೇರದವರು ಅನ್ನುವ ಸರ್ಟಿಫಿಕೇಟ್) ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ರಾಜ್ಯದ ನಮೂನೆಯದ್ದು ಕೈಗೆ ಬರುತ್ತದೆ. ಯಾವ ದಿನಾಂಕದ ನಂತರದ್ದು ಬೇಕು ಅಂತ ಕ್ಯಾಟ್ ನೋಟಿಸಿನಲ್ಲಿ ಇರುತ್ತದೆ. ಪಟ್ಟಿಯಲ್ಲಿ ಇಲ್ಲ ಅಂತಾದರೆ ಇಡಬ್ಲ್ಯೂಎಸ್ ನೋಡಿ: ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗೆ ಇರಬೇಕು, ಕೃಷಿ ಜಮೀನು 5 ಎಕರೆಗಿಂತ ಕಡಿಮೆ ಇರಬೇಕು, ಮನೆಯ ಅಳತೆಗೂ ನಿಯಮ ಇದೆ. ತೋಟ ಇದ್ದವರಿಗೆ ಆ ಐದು ಎಕರೆಯೇ ಅಡ್ಡ ಬರುವುದು.

ಎಸ್ಸೆಸ್ಸೆಲ್ಸಿಗೆ ನಮ್ಮಲ್ಲಿ ಗ್ರೇಡ್ ಮಾತ್ರ, ಅರ್ಜಿಯಲ್ಲಿ ಶೇಕಡಾ ಕೇಳುತ್ತಾರೆ. ಸುಮ್ನೆ ಅಂದಾಜಿನಲ್ಲಿ 95 ಅಂತ ಬರೆದು ಬಿಡಬೇಡಿ. ಆ ವರ್ಷದ ಸೂಚನೆ ಓದಿ, ಕ್ಯಾಟ್ ಸಹಾಯವಾಣಿಗೆ ಬರೆದು ಕೇಳಿ, ಬಂದ ಉತ್ತರವನ್ನು ಪ್ರಿಂಟ್ ತೆಗೆದು ಫೈಲಿನಲ್ಲಿ ಇಡಿ.

ಹೊಸೂರು (ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದವರು)

ಐಎಸ್‌ಬಿ ಕೇಳಿದ್ದೀರಿ, ಅದರ ಬಗ್ಗೆ ಎರಡು ಮಾತು. ಅದು ಒಂದು ವರ್ಷದ ಕೋರ್ಸು, ಹೈದರಾಬಾದ್ ಮತ್ತು ಮೊಹಾಲಿಯಲ್ಲಿ ಇದೆ. ಅಲ್ಲಿಗೆ ಜಿಮ್ಯಾಟ್ ಅನ್ನುವ ಅಂತರರಾಷ್ಟ್ರೀಯ ಪ್ರವೇಶ ಪರೀಕ್ಷೆ ಬರೆದು ಹೋಗಬಹುದು. ಈಗಿನ ಜಿಮ್ಯಾಟ್ 205ರಿಂದ 805ರವರೆಗೆ, 45 ನಿಮಿಷದ ಮೂರು ಭಾಗ. ಹಳೆಯ ಪರೀಕ್ಷೆಯ 700 ಅಂದರೆ ಈಗಿನ 645ರ ಹತ್ತಿರ, ಯಾರಾದರೂ ಹಳೆ ಅಂಕ ಹೇಳಿದರೆ ಇದು ನೆನಪಿರಲಿ. ಒಳ್ಳೆಯದೇನೆಂದರೆ ಅಂಕ ಐದು ವರ್ಷ ನಡೆಯುತ್ತದೆ, ಕ್ಯಾಟ್ ಅಂಕ ಮುಂದಿನ ಒಂದು ಪ್ರವೇಶಕ್ಕೆ ಮಾತ್ರ. ಅಲ್ಲಿ ನೀವು ಏನು ಕೆಲಸ ಮಾಡಿದ್ದೀರಿ ಅನ್ನುವುದನ್ನು ಜಾಸ್ತಿ ನೋಡುತ್ತಾರೆ, ಪ್ರಬಂಧ ಬರೆಯಬೇಕು, ಮೇಲಧಿಕಾರಿಯ ಪತ್ರ ಬೇಕು.

ನನ್ನ ಅಭಿಪ್ರಾಯ ಮೊದಲು ಬರೆದವರಿಗಿಂತ ಬೇರೆ. ಈ ವರ್ಷವೇ ಓಡಬೇಕು ಅಂತ ಯಾಕೆ? ಅನುಭವ ಇದ್ದವರಿಗೆಂದೇ ಇರುವ ಅಹಮದಾಬಾದಿನ ಒಂದು ವರ್ಷದ ಕೋರ್ಸು ಪಿಜಿಪಿಎಕ್ಸ್‌ಗೆ ಕನಿಷ್ಠ ನಾಲ್ಕು ವರ್ಷದ ಅನುಭವ ಬೇಕು, ಬೆಂಗಳೂರು, ಕಲ್ಕತ್ತಾದವಕ್ಕೆ ಐದು. ಎರಡು ವರ್ಷ ಗಟ್ಟಿಯಾಗಿ ಕೆಲಸ ಮಾಡಿ, ನಾಲ್ಕು ಜನರನ್ನು ನೋಡಿಕೊಳ್ಳುವ ಜವಾಬ್ದಾರಿ ತೆಗೆದುಕೊಂಡು ಆಮೇಲೆ ಹೋದರೆ ಹತ್ತನೇ ತರಗತಿಯ ಗ್ರೇಡ್ ಹಿಡಿದು ತಲೆ ಕೆಡಿಸಿಕೊಳ್ಳುವುದು ಬಹಳ ಕಡಿಮೆ ಆಗುತ್ತದೆ. ನನ್ನದೇ ಉದಾಹರಣೆ ಹೇಳುತ್ತೇನೆ, ನಮ್ಮ ಕಾರ್ಖಾನೆಯ ಲೈನಿನಲ್ಲಿ ಒಂದು ಬಿಡಿಭಾಗ ಪದೇ ಪದೇ ರಿಜೆಕ್ಟ್ ಆಗುತ್ತಿತ್ತು. ರಾತ್ರಿ ಪಾಳಿಯಲ್ಲೇ ಯಾಕೆ ಜಾಸ್ತಿ ಅಂತ ಹುಡುಕಿಕೊಂಡು ಹೋದರೆ, ಅಳೆಯುವ ಗೇಜನ್ನು ಪಾಳಿ ಬದಲಾಗುವಾಗ ಯಾರೂ ಸರಿ ನೋಡುತ್ತಿರಲಿಲ್ಲ. ಅಷ್ಟೇ ಸಂಗತಿ. ಸಂದರ್ಶನದಲ್ಲಿ ಅರ್ಧ ಹೊತ್ತು ಅದನ್ನೇ ಕೇಳಿದರು: ಆಪರೇಟರ್‌ಗಳು ನಿಮ್ಮ ಮಾತು ಯಾಕೆ ಕೇಳಿದರು, ಕೇಳದಿದ್ದರೆ ಏನು ಮಾಡುತ್ತಿದ್ದಿರಿ, ಯೂನಿಯನ್ ಏನು ಹೇಳಿತು. ನಿಮಗೆ ಅಂಥದ್ದು ಒಂದು ಇದೆಯಾ, ನೋಡಿಕೊಳ್ಳಿ.

ಅಕ್ಕಲಕೋಟೆ (ಕನ್ನಡ ಶಾಲೆಯವರು, ಈಗ ಪುಣೆ)

ಕೆಲಸ ಬಿಡಬೇಡ್ರಿ. ಇದೊಂದು ಖಂಡಿತ ಹೇಳುತ್ತೇನೆ. ಕೆಲಸ ಬಿಟ್ಟರೆ ಅನುಭವದ ತೂಕ ಅಲ್ಲಿಗೇ ನಿಲ್ಲುತ್ತದೆ, ಸಂದರ್ಶನದಲ್ಲಿ ಆ ಖಾಲಿ ತಿಂಗಳ ಬಗ್ಗೆ ಕೇಳುತ್ತಾರೆ, ಮನೆಯಲ್ಲಿ ಒತ್ತಡ ಬೇರೆ. ಬೆಳಿಗ್ಗೆ ಎರಡು ತಾಸು, ರಜೆ ದಿನ ಒಂದು ಮಾಕ್, ಅದನ್ನು ಬಿಡಿಸಿ ನೋಡಲು ಇನ್ನೊಂದು ಮೂರು ತಾಸು. ಮಾಕ್ ಬರೆದದ್ದಕ್ಕಿಂತ ಅದನ್ನು ಬಿಡಿಸಿ ನೋಡಿದ್ದರಲ್ಲೇ ನನಗೆ ಲಾಭ ಆಗಿದ್ದು.

ನನ್ನ ಹಾಗೆ ಕನ್ನಡ ಶಾಲೆಯಿಂದ ಬಂದಿದ್ದೀರಿ ಅಂತ ಕೇಳುತ್ತೇನೆ, ಯಾವ ಭಾಗದಲ್ಲಿ ಕಡಿಮೆ ಬರುತ್ತಿದೆ? ಇಂಗ್ಲಿಷ್ ಭಾಗವೇ ಇರಬೇಕು. ಅಲ್ಲಿ 24 ಪ್ರಶ್ನೆ ಇದ್ದರೆ 16 ಓದಿ ಉತ್ತರಿಸುವ ಪ್ಯಾಸೇಜಿನವೇ. ಶಬ್ದ ಉರು ಹೊಡೆದು ಏನೂ ಆಗಲ್ಲ. ದಿನಕ್ಕೆ ಒಂದು ಉದ್ದ ಲೇಖನ ಓದಿ, ತತ್ವಶಾಸ್ತ್ರ, ಇತಿಹಾಸ, ಕಲೆ, ಅಂದರೆ ನಾವು ಇಂಜಿನಿಯರ್‌ಗಳು ತಿರುಗಿಯೂ ನೋಡದ ವಿಷಯವೇ ಆಗಬೇಕು. ಓದಿದ ಮೇಲೆ ಬರೆದವರು ಏನು ಹೇಳಿದರು ಅಂತ ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಹೇಳಲು ಬರದಿದ್ದರೆ ಅರ್ಥ ಆಗಿಲ್ಲ ಅಂತ ಲೆಕ್ಕ. ಒಂದು ಭಾಗದಲ್ಲಿ ಕಟ್ ಆಫ್ ತಪ್ಪಿದರೆ ಒಟ್ಟು 99 ಇದ್ದರೂ ಕರೆ ಬರುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಹೌದು ಅಣ್ಣ, ಇಂಗ್ಲಿಷ್ ಭಾಗದಲ್ಲೇ ಕಡಿಮೆ. ಇನ್ನೊಂದು ಕೇಳಲಾ? ನನ್ನದು ಬರೀ ಟೆಸ್ಟಿಂಗ್ ಕೆಲಸ, ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಸಂದರ್ಶನದಲ್ಲಿ ಏನು ಹೇಳುವುದು? ಮತ್ತೆ ಸಾಲ?

ಮಂಜೇಶ್ವರ

'ಬರೀ ಟೆಸ್ಟಿಂಗ್' ಅನ್ನುವ ಮಾತು ಮೊದಲು ಬಿಡಿ ಮಾರಾಯ್ರೆ. ಇತ್ತೀಚಿನ ವರ್ಷಗಳಲ್ಲಿ ಅಹಮದಾಬಾದಿನ ಅಂತಿಮ ಪಟ್ಟಿಯಲ್ಲಿ ಸಂದರ್ಶನಕ್ಕೇ ಅರ್ಧ ತೂಕ, ಕ್ಯಾಟ್‌ಗೆ ಕಾಲು ಭಾಗ. ಹಾಗಾಗಿ ಇದನ್ನು ಕೊನೆಗೆ ನೋಡಿಕೊಳ್ಳೋಣ ಅಂತ ಇಡಬೇಡಿ. ನೀವು ಹಿಡಿದ ಒಂದು ಬಗ್ ತೆಗೆದುಕೊಳ್ಳಿ. ಅದು ಹಾಗೇ ದಾಟಿ ಹೋಗಿದ್ದರೆ ಬ್ಯಾಂಕಿನ ಯಾವ ಗ್ರಾಹಕನಿಗೆ ಏನಾಗುತ್ತಿತ್ತು? ದುಡ್ಡು ಎರಡು ಸಲ ಕಡಿತ ಆಗುತ್ತಿತ್ತಾ? ಬಿಡುಗಡೆ ದಿನ ಹತ್ತಿರ ಇದ್ದಾಗ ಡೆವಲಪರ್ ಒಪ್ಪದಿದ್ದರೆ ನೀವು ಹೇಗೆ ಒಪ್ಪಿಸಿದಿರಿ? ಇದನ್ನು ಎರಡು ನಿಮಿಷದಲ್ಲಿ ನಿಮ್ಮ ಅಮ್ಮನಿಗೆ ಅರ್ಥ ಆಗುವ ಹಾಗೆ ಹೇಳಲು ಬಂದರೆ ಆಯಿತು. ಜೊತೆಗೆ ಥರ್ಮೋಡೈನಾಮಿಕ್ಸ್, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಒಮ್ಮೆ ತಿರುವಿ ಹಾಕಿ. ಮೆಕ್ಯಾನಿಕಲ್ ಬಿಟ್ಟು ಐಟಿಗೆ ಬಂದವರನ್ನು ಅಲ್ಲಿಂದಲೇ ಹಿಡಿಯುತ್ತಾರೆ.

ಊರಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ನನ್ನ ಅರ್ಜಿಯಲ್ಲಿ ಕಾಸರಗೋಡು, ಮಾತೃಭಾಷೆ ಕನ್ನಡ ಅಂತ ನೋಡಿದ ಕೂಡಲೇ ಒಬ್ಬರು 1956ರ ರಾಜ್ಯ ವಿಂಗಡಣೆಗೆ ಹೋದರು, ಅಲ್ಲಿಂದ ಗಡಿ ವಿವಾದದ ಮಹಾಜನ ವರದಿ, ಚಂದ್ರಗಿರಿ ಹೊಳೆಯ ಉತ್ತರಕ್ಕೆ ಏನು ಶಿಫಾರಸು ಆಗಿತ್ತು ಅಂತ. ಇನ್ನೊಬ್ಬರು ಅಡಿಕೆಗೆ ಬಂದರು. 'ಬೆಲೆ ಬಿದ್ದಾಗ ನಿಮ್ಮ ಮನೆಯಲ್ಲಿ ಮಾರುತ್ತಾರಾ, ಇಟ್ಟುಕೊಳ್ಳುತ್ತಾರಾ?' ಬಿಸಿಲಿಗೆ ಒಣಗಿಸಿದ ಚಾಲಿ ಅಡಿಕೆ ಇಟ್ಟಷ್ಟು ಹಳತಾಗಿ ಬೆಲೆ ಜಾಸ್ತಿ ಬರುತ್ತದೆ, ಆದರೆ ಮಳೆಗಾಲಕ್ಕೆ ಮೊದಲು ಮದ್ದು ಬಿಡಲು, ಮಕ್ಕಳ ಫೀಸಿಗೆ ಕೈಯಲ್ಲಿ ದುಡ್ಡು ಬೇಕು, ಹಾಗಾಗಿ ಸಣ್ಣ ತೋಟದವರು ಕಾಯಲು ಆಗದೆ ಮಾರುತ್ತಾರೆ ಅಂದೆ. ಅಲ್ಲಿಂದ ಕ್ಯಾಂಪ್ಕೊ, 1973ರಲ್ಲಿ ಅಂಥ ಸಹಕಾರಿ ಯಾಕೆ ಬೇಕಾಯಿತು, ಅಡಿಕೆಯವರು ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಯಾಕೆ ಹಾಕಿದರು ಅಂತ ಮಾತು ಬೆಳೆಯಿತು. ನಿಮ್ಮ ಅಪ್ಪನ ಹತ್ತಿರ ಈ ಸಲ ಊರಿಗೆ ಹೋದಾಗ ಕೂತು ಕೇಳಿ, ಕಳೆದ ಐದು ವರ್ಷದಲ್ಲಿ ಯಾವಾಗ ಮಾರಿದರು, ಯಾಕೆ ಆಗಲೇ ಮಾರಿದರು. ದಾಸ್ತಾನು, ಬಡ್ಡಿ, ಅಪಾಯ ಎಲ್ಲ ಅದರಲ್ಲೇ ಇದೆ, ಬೇರೆಯವರ ಹತ್ತಿರ ಈ ಉತ್ತರ ಇರುವುದಿಲ್ಲ.

ಕುಂಬಳೆ

ಸಾಲದ ವಿಷಯ ನಾನು ಹೇಳ್ತೇನೆ. ದೊಡ್ಡ ಐಐಎಂಗಳ ಶುಲ್ಕ ಇಪ್ಪತ್ತು ಲಕ್ಷದ ಮೇಲೆ, ಐಎಸ್‌ಬಿ ಇನ್ನೂ ಜಾಸ್ತಿ. ಆದರೆ ತೋಟ ಅಡ ಇಡಬೇಕು ಅಂತ ಹೆದರಬೇಡಿ. ಸ್ಟೇಟ್ ಬ್ಯಾಂಕಿನ ಸ್ಕಾಲರ್ ಲೋನ್ ಅಂತ ಇದೆ, ಅವರ ಪಟ್ಟಿಯಲ್ಲಿರುವ ದೊಡ್ಡ ಸಂಸ್ಥೆಗಳಿಗೆ ಜಾಮೀನು ಆಸ್ತಿ ಇಲ್ಲದೆ ಕೊಡುತ್ತಾರೆ. ಪಟ್ಟಿಯಲ್ಲಿ ಕೆಳಗೆ ಹೋದಷ್ಟು ಆಸ್ತಿ ಕೇಳುವುದು ಶುರುವಾಗುತ್ತದೆ. ಹಾಗಾಗಿ ಯಾವುದೋ ಒಂದು ಸಿಕ್ಕಿತು ಅಂತ ಸೇರುವ ಮೊದಲು ಆ ಪಟ್ಟಿಯಲ್ಲಿ ಅದು ಎಲ್ಲಿದೆ ನೋಡಿ. ದೆಹಲಿ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಕಾಲೇಜು ಎಫ್‌ಎಂಎಸ್‌ಗೂ ಅರ್ಜಿ ಹಾಕಿ, ಅದೂ ಕ್ಯಾಟ್ ಅಂಕದ ಮೇಲೆಯೇ ನಡೆಯುವುದು, ಐಐಎಂ ಮುಂದೆ ಅದರ ಶುಲ್ಕ ಏನೂ ಅಲ್ಲ. ಐಐಎಂಗಳಿಗೆ ಕ್ಯಾಟ್ ಫಾರಂ ಸಾಕು, ಎಫ್‌ಎಂಎಸ್‌ಗೆ ಅವರದ್ದೇ ಅರ್ಜಿ ಬೇರೆ ತುಂಬಬೇಕು, ಕೊನೆ ದಿನಾಂಕ ಈಗಲೇ ಬರೆದಿಟ್ಟುಕೊಳ್ಳಿ.

ಸರ್ಟಿಫಿಕೇಟಿಗೆ ಮಾತ್ರ ಇದೇ ವಾರ ಅಕ್ಷಯ ಕೇಂದ್ರಕ್ಕೆ ಹೋಗಿ. ಕ್ಯಾಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಶುರುವಾಗುತ್ತದೆ, ಕೊನೆಯ ಹೊತ್ತಿಗೆ ವಿಲೇಜ್ ಆಫೀಸಿನಲ್ಲಿ ಕಾಗದ ನಿಂತರೆ ಯಾರೂ ಏನೂ ಮಾಡಲು ಆಗುವುದಿಲ್ಲ. ಪರೀಕ್ಷಾ ಕೇಂದ್ರಕ್ಕೆ ಮಂಗಳೂರನ್ನು ಮೊದಲ ಆಯ್ಕೆ ಹಾಕಿದರೆ ಮನೆಯಿಂದಲೇ ಹೋಗಿ ಬರೆಯಬಹುದು.