ಪೌರಕಾರ್ಮಿಕರ ಮಕ್ಕಳಿಗೆ ಫುಟ್‌ಬಾಲ್ ಕಲಿಸಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಮೈಸೂರಿನ ಒಂದು ಪೌರಕಾರ್ಮಿಕರ ಕಾಲೊನಿಯಲ್ಲಿ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುತ್ತೇನೆ. 8ರಿಂದ 13 ವರ್ಷದ 40 ಮಕ್ಕಳಿದ್ದಾರೆ. ಪಾಠ ಮುಗಿದ ತಕ್ಷಣ ಪ್ಲಾಸ್ಟಿಕ್ ಬಾಟಲಿ ಒದ್ದುಕೊಂಡು ಆಡುತ್ತಾರೆ. ಸರಿಯಾಗಿ ಫುಟ್‌ಬಾಲ್ ಕಲಿಸೋಣ ಅಂತ ಆಸೆ. ಮೊದಲು ಟ್ರಸ್ಟ್ ಮಾಡಿಸಬೇಕಾ? ಎಲ್ಲರಿಗೂ ಶೂ, ಜೆರ್ಸಿ ಬೇಕಲ್ವಾ? ಕೈಯಲ್ಲಿ 10 ಸಾವಿರ ಇದೆ. ನನಗೆ ಆಟ ಬರುವುದಿಲ್ಲ.

ಕೋಚ್ ಉತ್ತರ: ಮೇಡಂ, ಟ್ರಸ್ಟ್, ಜೆರ್ಸಿ ಎರಡೂ ಸದ್ಯಕ್ಕೆ ಪಕ್ಕಕ್ಕಿರಲಿ. ವಾರಕ್ಕೆ ಎರಡು ದಿನ ಗೊತ್ತು ಮಾಡಿ. ಅದೇ ಹೊತ್ತು, ಅದೇ ಜಾಗ. ಮಳೆ ಬಂದರೂ ನೀವು ಅಲ್ಲಿರಬೇಕು. ಆಟ ಆಗದಿದ್ದರೆ ಶಾಲೆಯ ಜಗಲಿಯಲ್ಲಿ ಮಕ್ಕಳ ಜೊತೆ ಕೂತು ಮಾತಾಡಿ ಬನ್ನಿ.

ನಾನು ಹಲಸೂರಿನ ಕಡೆ 19 ವರ್ಷದಿಂದ ಕಲಿಸುತ್ತಿದ್ದೇನೆ. ಮೊದಲ ವರ್ಷ ಒಂದು ಕಂಪನಿಯವರು ಬಂದು ಜೆರ್ಸಿ ಹಂಚಿದರು, ಫೋಟೊ ತೆಗೆದರು, ಪ್ರತಿ ತಿಂಗಳೂ ಬರುತ್ತೇವೆ ಅಂದರು. ಆಮೇಲೆ ಪತ್ತೆಯೇ ಇಲ್ಲ. ಮಕ್ಕಳು ನಾಲ್ಕು ಭಾನುವಾರ ಅದೇ ಜೆರ್ಸಿ ಒಗೆದು ಹಾಕಿಕೊಂಡು ಗೇಟಿನ ಹತ್ತಿರ ಕಾದರು. ಅವತ್ತಿನಿಂದ, ನಡೆಸಿಕೊಡಲಾಗದ ಮಾತನ್ನು ಮಕ್ಕಳ ಮುಂದೆ ಆಡಲು ನಾನು ಯಾರಿಗೂ ಬಿಡುವುದಿಲ್ಲ.

ಜಾಗಕ್ಕೆ ಹತ್ತಿರದ ಸರ್ಕಾರಿ ಶಾಲೆಯ ಮೈದಾನ ನೋಡಿ. ಮುಖ್ಯ ಶಿಕ್ಷಕರಿಗೂ ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪತ್ರ ಕೊಟ್ಟು ಅನುಮತಿಯನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಬಾಯಿಮಾತಿನ ಅನುಮತಿ ಮುಖ್ಯ ಶಿಕ್ಷಕರು ವರ್ಗವಾದ ದಿನವೇ ಹೋಗುತ್ತದೆ. ಬೆಳಗ್ಗೆ ಬೇಡ, ಸಂಜೆ ಇಟ್ಟುಕೊಳ್ಳಿ. ತಾಯಂದಿರು ಬೆಳಗಿನ ಜಾವವೇ ಕೆಲಸಕ್ಕೆ ಹೊರಡುತ್ತಾರೆ, ಮಕ್ಕಳನ್ನು ಎಬ್ಬಿಸಿ ಕಳಿಸುವವರು ಮನೆಯಲ್ಲಿ ಇರುವುದಿಲ್ಲ.

ದುಡ್ಡಿನಲ್ಲಿ 4ನೇ ಸೈಜಿನ ಆರು ರಬ್ಬರ್ ಬಾಲು ತನ್ನಿ. 5ನೇ ಸೈಜು ದೊಡ್ಡವರದು, 68ರಿಂದ 70 ಸೆಂಟಿಮೀಟರ್ ಸುತ್ತಳತೆ. 9 ವರ್ಷದ ಮಗು ಅದನ್ನು ಒದ್ದರೆ ಕಾಲು ನೋಯುತ್ತದೆ, ಹೆದರಿಕೊಳ್ಳುತ್ತದೆ. ಹೊಲಿದ ಬಾಲು ನಮ್ಮ ಕಲ್ಲು ಮಣ್ಣಿನ ನೆಲದಲ್ಲಿ ಬೇಗ ಕಿತ್ತುಹೋಗುತ್ತದೆ. ಗೆರೆಗೆ ರಂಗೋಲಿ ಪುಡಿ ಸಾಕು, ಸುಟ್ಟ ಸುಣ್ಣ ಮಾತ್ರ ಬೇಡ, ಕಣ್ಣಿಗೆ ಬಿದ್ದರೆ ಕಷ್ಟ. ಉಳಿದ ದುಡ್ಡು ಬಾಳೆಹಣ್ಣು, ಕಡಲೆ ಚಿಕ್ಕಿಗೆ. ತುಂಬಾ ಮಕ್ಕಳು ಮಧ್ಯಾಹ್ನದ ಬಿಸಿಯೂಟ ಆದಮೇಲೆ ಏನೂ ತಿಂದಿರುವುದಿಲ್ಲ. ಆಟ ಮುಗಿದ ಮೇಲಲ್ಲ, ಶುರುವಾಗುವ ಅರ್ಧ ಗಂಟೆ ಮೊದಲೇ ಕೊಡಿ.

ಶೂ ಎಲ್ಲರಿಗೂ ಆಗುವ ತನಕ ಯಾರಿಗೂ ಬೇಡ. ಐದು ಜನಕ್ಕೆ ಶೂ, ಉಳಿದವರು ಬರಿಗಾಲು ಅಂದರೆ ಕಾಲು ಜಜ್ಜಿಹೋಗುತ್ತದೆ. ಮನಸ್ಸಿಗೂ ಪೆಟ್ಟು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಆಟಗಾರರು ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. ಫ್ರಾನ್ಸ್ ಎದುರು ನಮ್ಮ ಒಂದೇ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಇದನ್ನು ಮಕ್ಕಳಿಗೆ ಹೇಳಿ, ಕಣ್ಣು ಅರಳುತ್ತದೆ. ಆದರೆ ನೆಲ ಚೊಕ್ಕಟ ಇರಬೇಕು. ಆಟಕ್ಕೆ ಮುಂಚೆ ಎಲ್ಲರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ ಮೈದಾನದ ಈ ತುದಿಯಿಂದ ಆ ತುದಿಗೆ ನಡೆಸಿ. ಗಾಜಿನ ಚೂರು, ಬಾಟಲಿ ಮುಚ್ಚಳ, ಮೊಳೆ ಕಂಡರೆ ಮಕ್ಕಳು ಕೂಗಿ ಹೇಳಲಿ, ಹೆಕ್ಕುವ ಕೆಲಸ ದೊಡ್ಡವರದು. ಅವರ ಅಪ್ಪ ಅಮ್ಮ ದಿನವಿಡೀ ಊರ ಕಸ ಹೆಕ್ಕುತ್ತಾರೆ. ಈ ಮಕ್ಕಳ ಕೈಗೆ ನಾವೂ ಕಸ ಕೊಡುವುದು ಬೇಡ.

ಪ್ರಶ್ನೆ: ಆಟವೇ ಬರದ ನಾನು ಏನು ಕಲಿಸಲಿ ಸರ್?

ಕೋಚ್ ಉತ್ತರ: ನೀವು ಹಾಜರಿ ಪುಸ್ತಕ ಹಿಡಿಯಿರಿ. ಆಡಿಸಲು ಊರಿನ ಕ್ಲಬ್ಬಿನಲ್ಲಿ ಆಡುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕರೆಯಿರಿ. ಬಸ್ ಚಾರ್ಜಾದರೂ ಕೊಡಿ, ಸುಮ್ನೆ ದುಡಿಸಬೇಡಿ. 20 ಮಕ್ಕಳ ಎರಡು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದು ಗಂಟೆ. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದ ಒದೆಸುವುದು ನಾನು ನೋಡಿದ ದೊಡ್ಡ ತಪ್ಪು. ಒಂದು ಗಂಟೆಯಲ್ಲಿ ಮಗುವಿಗೆ ಹತ್ತು ಸಲವೂ ಬಾಲು ಸಿಗುವುದಿಲ್ಲ. 25 ಮೀಟರ್ ಉದ್ದದ ಎರಡು ಚಿಕ್ಕ ಅಂಕಣ ಮಾಡಿ ಐದೈದು ಜನರ ಆಟ ಆಡಿಸಿ. ಗೋಲ್‌ಕೀಪರ್ ಬೇಡ. ತಲೆಯಿಂದ ಹೊಡೆಸಬೇಡಿ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಅದನ್ನು ನಿಲ್ಲಿಸಿತು.

ಇನ್ನೊಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಮೈದಾನದಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಒಬ್ಬ ಮಗುವನ್ನು ಒಬ್ಬರೇ ಎಲ್ಲಿಗೂ ಕರೆದುಕೊಂಡು ಹೋಗಬಾರದು, ಅವರು ಎಷ್ಟೇ ಒಳ್ಳೆಯವರಾಗಿರಲಿ. ಮಕ್ಕಳ ಸಹಾಯವಾಣಿ 1098 ಎಲ್ಲ ಮಕ್ಕಳಿಗೂ ಬಾಯಿಪಾಠ ಇರಲಿ.

ಪ್ರಶ್ನೆ: ಹೆಣ್ಣುಮಕ್ಕಳು ಎರಡು ದಿನ ಬಂದು ನಿಲ್ಲಿಸಿಬಿಡುತ್ತಾರೆ ಅನ್ನುವ ಭಯ.

ಕೋಚ್ ಉತ್ತರ: ಯಾಕೆ ಬರಲಿಲ್ಲ ಅಂತ ಮನೆಗೆ ಹೋಗಿ ಕೇಳಿ. ನಮ್ಮಲ್ಲಿ 11 ವರ್ಷದ ಹುಡುಗಿ ಇದ್ದಳು, ಎಡಗಾಲಲ್ಲಿ ಚೆನ್ನಾಗಿ ಹೊಡೆಯುತ್ತಿದ್ದಳು. ಒಂದು ತಿಂಗಳು ಕಾಣಲಿಲ್ಲ. ಮನೆಗೆ ಹೋದರೆ ಸೊಂಟದ ಮೇಲೆ ಎರಡು ವರ್ಷದ ತಮ್ಮ. ಅಮ್ಮ ಬರುವ ತನಕ ಇವಳೇ ನೋಡಿಕೊಳ್ಳಬೇಕು. ತಮ್ಮನನ್ನೂ ಕರ್ಕೊಂಡು ಬಾ ಅಂದೆ. ಗೆರೆ ಹೊರಗೆ ಚಾಪೆ ಹಾಸಿದೆವು, ಒಬ್ಬ ಅಜ್ಜಿ ಕೂರಲು ಒಪ್ಪಿದರು. ಮುಂದಿನ ತಿಂಗಳು ಚಾಪೆಯ ಮೇಲೆ ಆರು ಪಾಪುಗಳು, ಮೈದಾನದಲ್ಲಿ ಆರು ಹುಡುಗಿಯರು ಜಾಸ್ತಿ. ಬದಲಾಯಿಸಲು ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ, ಕತ್ತಲಾಗುವ ಮೊದಲು ಮನೆ. ಇಷ್ಟು ಇದ್ದರೆ ತಾಯಂದಿರು ಕಳಿಸುತ್ತಾರೆ.

ಇನ್ನೊಬ್ಬ ಸದಸ್ಯ, ಹುಬ್ಬಳ್ಳಿ: ಅಣ್ಣ, ನಾವು ಶುರು ಮಾಡಿ ಮೂರು ತಿಂಗಳಾಯಿತು. ಟೂರ್ನಮೆಂಟಿಗೆ ಕರೆದುಕೊಂಡು ಹೋಗಬಹುದಾ?

ಕೋಚ್ ಉತ್ತರ: ಇನ್ನೂ ಸ್ವಲ್ಪ ತಡಿ ತಮ್ಮಾ. ಮೊದಲು ಪಕ್ಕದ ಓಣಿಯ ಮಕ್ಕಳನ್ನು ಕರೆದು ನಿಮ್ಮಲ್ಲೇ ಆಡಿಸು, ಎಲ್ಲರಿಗೂ ಆಟ ಸಿಗಲಿ. ಅಷ್ಟರಲ್ಲಿ ಜನನ ಪ್ರಮಾಣಪತ್ರ ಇಲ್ಲದವರಿಗೆ ಮಾಡಿಸಿಕೊಡು. ವಯಸ್ಸಿನ ಗುಂಪಿನ ಟೂರ್ನಮೆಂಟಿನಲ್ಲಿ ಅದನ್ನೇ ಕೇಳುತ್ತಾರೆ, ಆ ದಿನ ಮಗುವನ್ನು ಹೊರಗೆ ನಿಲ್ಲಿಸಿದರೆ ಸಂಕಟ. ಲೀಗ್ ಆಡುವ ಹೊತ್ತಿಗೆ ನೋಂದಣಿ ಮಾಡಿಸಿದರಾಯಿತು. ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು, ಅದರಲ್ಲಿ ಇಬ್ಬರು ತಾಯಂದಿರು ಇರಲಿ.

ಪ್ರಶ್ನೆ: ಬರುವ ಶನಿವಾರ ಶುರು ಮಾಡುತ್ತೇನೆ ಸರ್. ಮುಖ್ಯ ಶಿಕ್ಷಕರು ಪತ್ರಕ್ಕೆ ಸಹಿ ಹಾಕಿದರು.

ಕೋಚ್ ಉತ್ತರ: ತುಂಬಾ ಸಂತೋಷ ಮೇಡಂ. ಶುಕ್ರವಾರವೇ ಬಾಲಿಗೆ ಗಾಳಿ ತುಂಬಿಸಿಡಿ. ಪಂಪಿನ ಸೂಜಿಯನ್ನು ಒದ್ದೆ ಮಾಡಿಯೇ ಚುಚ್ಚಿ, ಒಣ ಸೂಜಿ ಚುಚ್ಚಿದರೆ ವಾಲ್ವ್ ಹರಿಯುತ್ತದೆ. ಸೂಜಿ ಎರಡು ಜಾಸ್ತಿ ತಂದಿಟ್ಟುಕೊಳ್ಳಿ, ಮುರಿಯುತ್ತಲೇ ಇರುತ್ತವೆ.